ಉಷ್ಣಮಾಪಕದ ಸುಳ್ಳುಸಾಕ್ಷಿ

ತರ್ಕಶಾಸ್ತ್ರದ ತರಗತಿಯಲ್ಲಿ ಕುಳಿತವರಿಗೆಲ್ಲ ಆ ಹಳೆಯ ಬೆಟ್ಟ, ಆ ಹೊಗೆ, ಆ ಬೆಂಕಿ ಪರಿಚಿತವೇ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದುದರಿಂದ ಬೆಟ್ಟದ ಮೇಲೆ ಬೆಂಕಿಯಿದೆ. ನೈಯಾಯಿಕರು ಇದರೊಡನೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: ಕಂಡದ್ದು ಹೊಗೆಯೇ ಹೌದೋ, ಅಥವಾ ಬರಿಯ ಮಂಜೋ? ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದ ನನಗೆ ಅದರ ಬೆಲೆ ತಿಳಿದದ್ದು ಕಳೆದ ಜನವರಿಯಲ್ಲಿ, ಬಿ.ಟಿ.ಎಂ. ಲೇಔಟಿನ ನಮ್ಮ ಮನೆಯ ಮುಂದೆ ನಿಂತಿದ್ದ ಕಾರಿನಿಂದ.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದಾದ ಈ ಬಡಾವಣೆಯನ್ನು ಬಲ್ಲವರಿಗೆ ಸಿಲ್ಕ್ ಬೋರ್ಡ್ ಕೂಡುರಸ್ತೆಯನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ನಮ್ಮ ತಂದೆಯವರದು ಬಾಡಿಗೆ ಕಾರು. ದಿನಕ್ಕೆ ನಾಲ್ಕಾರು ಸಲ ಆ ಸಾಲಿನಲ್ಲಿ ತೆವಳುವುದೇ ಅದರ ಉದ್ಯೋಗ. ಹೀಗಿರಲಾಗಿ, ಒಂದು ದಿನ ಶಾಖ ತೋರಿಸುವ ಮುಳ್ಳು ನಡುಗೆರೆಯನ್ನು ದಾಟಿ ಕೆಂಪು ಗುರುತಿನ ಕಡೆಗೆ ಏರಿತು. ರೇಡಿಯೇಟರಿನ ಫ್ಯಾನು ಬಿಡುವಿಲ್ಲದೆ ತಿರುಗತೊಡಗಿತು. ಗ್ಯಾರೇಜೊಂದರಲ್ಲಿ ಥರ್ಮೋಸ್ಟ್ಯಾಟ್ ಬದಲಾಯಿಸಿದ್ದಾಯಿತು, ರೇಡಿಯೇಟರ್ ತೊಳೆಸಿದ್ದಾಯಿತು. ಮುಳ್ಳು ಇಳಿಯಲಿಲ್ಲ. ಕೊನೆಗೆ ಮೇಸ್ತ್ರಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸಬೇಕು, 22,000 ಆಗುತ್ತೆ" ಎಂದನು. ತಂಗಿಯ ಕಾಲೇಜು ಫೀಸಿಗೆಂದು ಮನೆಯಲ್ಲಿ ತೆಗೆದಿಟ್ಟಿದ್ದ ಹಣವೂ ಹೆಚ್ಚುಕಡಿಮೆ ಅಷ್ಟೇ.

ಆ ಭಾನುವಾರ ನನ್ನ ಸೋದರಮಾವ ಬಂದರು. ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು. ಕಾಫಿ ಕುಡಿಯುತ್ತ ಕೇಳಿದರು:

"ಎಂಜಿನ್ ಕಾದಿದೆ ಅಂತ ನಿಮಗೆ ಯಾರು ಹೇಳಿದರು, ಭಾವ?"

"ಮುಳ್ಳು ತೋರಿಸ್ತಾ ಇದೆಯಲ್ಲಯ್ಯ."

"ಸರಿ, ಮುಳ್ಳಿಗೆ ಯಾರು ಹೇಳಿದರು?"

ನಾನು ಥಟ್ಟನೆ ಎದ್ದು ಕುಳಿತೆ. ನಮ್ಮ ತರ್ಕಶಾಸ್ತ್ರದ ಪ್ರಶ್ನೆಯೇ ಅಲ್ಲವೇ ಇದು! ಮುಳ್ಳು ನೀರಿನ ಶಾಖವನ್ನು ಕಂಡಿಲ್ಲ; ಊಹಿಸಿದೆ, ಅಷ್ಟೆ. ಎಂಜಿನಿನ ನೀರಿನೊಳಗೆ ಮುಳುಗಿರುವ ಸೆನ್ಸರ್ ಎಂಬ ಪುಟ್ಟ ಮೊಳೆಯೊಳಗೆ ಒಂದು ವಿಚಿತ್ರ ವಸ್ತುವಿದೆ. ತಾಮ್ರ ಕಬ್ಬಿಣಗಳು ಕಾದಂತೆ ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡಿದರೆ, ಇದು ಕಾದಂತೆ ತಡೆಯನ್ನು ಸಡಿಲಿಸುತ್ತದೆ. ಈ ಗುಣವನ್ನು ಮೈಕೇಲ್ ಫ್ಯಾರಡೆ 1833ರಲ್ಲಿಯೇ ಬೆಳ್ಳಿಯ ಸಲ್ಫೈಡಿನಲ್ಲಿ ಗುರುತಿಸಿದ್ದನು. ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರಿನಲ್ಲಿ 20 ಡಿಗ್ರಿ ಸೆಂಟಿಗ್ರೇಡಿಗೆ ತಡೆ ಸುಮಾರು 2,500 ಓಮ್. 90 ಡಿಗ್ರಿಗೆ 240ರಷ್ಟು ಮಾತ್ರ. ಕಾರಿನ ಕಂಪ್ಯೂಟರು ಎರಡು ತಂತಿಗಳ ಮೂಲಕ ಈ ತಡೆಯನ್ನಷ್ಟೇ ಅಳೆದು, ಶಾಖ ಇಷ್ಟಿರಬೇಕೆಂದು ತೀರ್ಮಾನಿಸುತ್ತದೆ. ತಂತಿ ತುಂಡಾದರೆ ತಡೆ ಅಪಾರ. ಆಗ ಕಂಪ್ಯೂಟರಿಗೆ ಎಂಜಿನ್ ಹಿಮಗಡ್ಡೆಯಂತೆ ತೋರಿ, ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಎನ್ನುತ್ತದೆ. (ಸೆಂಟಿಗ್ರೇಡೂ ಫ್ಯಾರನ್‌ಹೀಟೂ ಜಗಳ ಬಿಟ್ಟು ಒಂದೇ ಅಂಕಿಯಲ್ಲಿ ಕೂಡುವುದು ಅದೊಂದೇ ಸ್ಥಳದಲ್ಲಿ.) ಎರಡು ತಂತಿಗಳೂ ಒಂದಕ್ಕೊಂದು ತಾಗಿದರೆ ತಡೆಯೇ ಇಲ್ಲ, ಆಗ ಎಂಜಿನ್ ಕುಲುಮೆಯಂತೆ ತೋರುತ್ತದೆ. ಎರಡೂ ಆಗದೆ ನಡುವೆ ಅಷ್ಟಿಷ್ಟು ಸೋರಿಕೆಯಾದರೆ, ನಂಬಬಹುದಾದಂಥ ಸುಳ್ಳು ಹುಟ್ಟುತ್ತದೆ.

ಹಾಗೆಂದು ಮಾವನವರು ಮುಳ್ಳನ್ನು ಕೂಡಲೇ ಸುಳ್ಳುಗಾರನೆನ್ನಲಿಲ್ಲ. ಎಂಜಿನ್ ನಿಜವಾಗಿಯೂ ಕಾದಿರಬಹುದೆಂಬ ಪಕ್ಷವನ್ನು ಮೊದಲು ವಿಚಾರಿಸಿದರು. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಕೂಲೆಂಟಿನ ಮಟ್ಟ ನೋಡಿದರು, ಸ್ವಲ್ಪವೇ ತಗ್ಗಿತ್ತು. ಆಯಿಲ್ ಕಡ್ಡಿಗೆ ಹಾಲಿನಂಥ ನೊರೆ ಹತ್ತಿರಲಿಲ್ಲ, ಸೈಲೆನ್ಸರಿನಿಂದ ಬಿಳಿಯ ಹೊಗೆ ಬರಲಿಲ್ಲ. ಗ್ಯಾಸ್ಕೆಟ್ ಹೋಗಿದೆಯೆನ್ನಲು ಗ್ಯಾರೇಜಿನವನ ಮಾತಿನ ಹೊರತು ಬೇರೆ ಸಾಕ್ಷಿಯೇ ಸಿಕ್ಕಲಿಲ್ಲ.

ಮರುದಿನ ಬೆಳಗ್ಗೆ ಆರು ಗಂಟೆಗೆ ನಿಜವಾದ ಪರೀಕ್ಷೆ ನಡೆಯಿತು. ಇದಕ್ಕಿಂತ ಸುಲಭವಾದ, ಇದಕ್ಕಿಂತ ನಿರ್ಣಾಯಕವಾದ ಪರೀಕ್ಷೆಯನ್ನು ನಾನರಿಯೆ. ರಾತ್ರಿಯಿಡೀ ನಿಂತ ಎಂಜಿನಿನ ನೀರೂ ಸುತ್ತಲಿನ ಗಾಳಿಯೂ ಒಂದೇ ಶಾಖದಲ್ಲಿರಲೇಬೇಕು. ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಅಂಕಿಗಳನ್ನು ಕಾಣಿಸುವ ಪುಟ್ಟ ಉಪಕರಣವನ್ನು ಗೆಳೆಯನೊಬ್ಬನಿಂದ ತಂದಿದ್ದೆ. ಎಂಜಿನ್ ಹಚ್ಚದೆ ಕೀಲಿಯನ್ನಷ್ಟೇ ತಿರುಗಿಸಿದೆವು. ಒಳಬರುವ ಗಾಳಿಯನ್ನು ಅಳೆಯುವ ಬೇರೊಂದು ಸೆನ್ಸರ್ 18 ಡಿಗ್ರಿ ಎಂದಿತು. ಕೂಲೆಂಟಿನ ಅಂಕಿ 59!

ಮುಟ್ಟಿದರೆ ಮಂಜಿನಂತೆ ಕೊರೆಯುತ್ತಿದ್ದ ಎಂಜಿನಿಗೆ 59 ಡಿಗ್ರಿ. ಸುಳ್ಳು ಸಿಕ್ಕಿಬಿದ್ದಿತು. ಆದರೆ ಸುಳ್ಳಾಡಿದ್ದು ಸೆನ್ಸರೋ, ತಂತಿಯೋ?

"ಪ್ಲಗ್ ಕೀಳೋ ಈಗ" ಎಂದರು ಮಾವ. ಸೆನ್ಸರಿನ ಪ್ಲಗ್ಗನ್ನು ಕಿತ್ತೆ. ತಂತಿ ಸರಿಯಿದ್ದಿದ್ದರೆ ಅಂಕಿ ಕೂಡಲೇ ಶೂನ್ಯಕ್ಕಿಂತ 40 ಕೆಳಗೆ ಬೀಳಬೇಕಿತ್ತು. ಆಗ ಸೆನ್ಸರನ್ನು ಬಿಚ್ಚಿ, ಬಿಸಿನೀರಿನಲ್ಲಿ ಇಳಿಬಿಟ್ಟು ಅದರ ತಡೆಯನ್ನು ಅಳೆಯಬೇಕಾಗುತ್ತಿತ್ತು. (ಹಾಗೆ ಮಾಡುವವರು ನೆನಪಿಡಬೇಕು: ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ನೂರು ತೋರಿಸಲಿಲ್ಲವೆಂದು ಒಳ್ಳೆಯ ಸೆನ್ಸರನ್ನು ಬಿಸಾಡಬಾರದು.) ಆದರೆ ಅಂಕಿ ಇಳಿದದ್ದು 51ಕ್ಕೆ ಮಾತ್ರ. ಸೆನ್ಸರೇ ಇಲ್ಲದಿದ್ದರೂ ಕಂಪ್ಯೂಟರು ಶಾಖ ಹೇಳುತ್ತಿದೆ! ಅಂದಮೇಲೆ ತಂತಿಗಳ ನಡುವೆ ಎಲ್ಲಿಯೋ ಕಳ್ಳದಾರಿಯಿದೆ.

ಕೀಲಿ ತೆಗೆದು, ತಂತಿಗಳ ಕಂಪ್ಯೂಟರಿನ ತುದಿಯನ್ನೂ ಬಿಡಿಸಿ, ಮಲ್ಟಿಮೀಟರು ಹಿಡಿದೆವು. ಸುಮಾರು 800 ಓಮ್ ಬಂದಿತು. ವಾಚಕರು ಒಂದು ಸಣ್ಣ ಲೆಕ್ಕವನ್ನು ಸಹಿಸಬೇಕು. 18 ಡಿಗ್ರಿಯಲ್ಲಿ ಸೆನ್ಸರಿನ ತಡೆ ಸುಮಾರು 2,700. ಅದಕ್ಕೆ ಸಮಾಂತರವಾಗಿ 800 ಸೇರಿದರೆ ಒಟ್ಟು ತಡೆ ಸುಮಾರು 617 ಓಮ್. ಕಂಪ್ಯೂಟರಿನ ಪಾಲಿಗೆ 617 ಎಂದರೆ 59 ಡಿಗ್ರಿ! ಇದೇ ರೀತಿ ನೀರು ನಿಜವಾಗಿ 90 ಡಿಗ್ರಿ ಇದ್ದಾಗ, 240ರಷ್ಟು ತಡೆಯೊಡನೆ 800 ಕೂಡಿ ಒಟ್ಟು 185ರಷ್ಟಾಗುತ್ತದೆ; ಅದು 100 ಡಿಗ್ರಿಯ ಗುರುತು. ಫ್ಯಾನು ಬಿಡುವಿಲ್ಲದೆ ತಿರುಗಿದ್ದರಲ್ಲಿ ಏನಾಶ್ಚರ್ಯ? ಗಣಿತಕ್ಕೆ ಹೆದರಿ ಕಲಾವಿಭಾಗಕ್ಕೆ ಬಂದವನು ನಾನು. ಈ ಲೆಕ್ಕ ಕೂಡಿಬಂದಾಗ ಆದಷ್ಟು ಸಂತೋಷ ಯಾವ ಪರೀಕ್ಷೆಯ ಫಲಿತಾಂಶದಿಂದಲೂ ಆಗಿರಲಿಲ್ಲ.

ಟೇಪು ಬಿಚ್ಚುತ್ತ ಹೋದಂತೆ, ಎಂಜಿನಿನ ಹಿಂಬದಿಯಲ್ಲಿ ಒಂದು ಗೇಣು ದೂರ ಎರಡು ತಂತಿಗಳ ಹೊದಿಕೆಯೂ ಸವೆದಿತ್ತು. ನಡುವೆ ಒದ್ದೆಯಾದ ಹಸಿರು ಕಿಲುಬು. ಕೆಟ್ಟ ಭಾಗವನ್ನು ಕತ್ತರಿಸಿ, ಹೊಸ ತಂತಿ ಬೆಸೆದು, ಮೇಲೆ ಬೇರೆ ಬೇರೆ ಕೊಳವೆ ಹೊದಿಸಿದೆವು. ಖರ್ಚು 300 ರೂಪಾಯಿಯ ಒಳಗೆ. ಮರುದಿನ ಬೆಳಗ್ಗೆ ಗಾಳಿ 17, ನೀರು 17.

ತಂದೆಯವರು ಹೊರಡಲು ಅಣಿಯಾದರು. ಮಾವ ಬಿಡಲಿಲ್ಲ. "ಆ ಕಿಲುಬಿಗೆ ನೀರು ಎಲ್ಲಿಂದ ಬಂತು, ಭಾವ?" ಎಂದರು. ಮೇಲಿದ್ದ ರಬ್ಬರ್ ಕೊಳವೆಯ ಕ್ಲಿಪ್ಪು ತುಕ್ಕು ಹಿಡಿದು, ಅಲ್ಲಿಂದ ಕೂಲೆಂಟು ತೊಟ್ಟು ತೊಟ್ಟಾಗಿ ತಂತಿಯ ಮೇಲೆ ಬೀಳುತ್ತಿತ್ತು. ಇದನ್ನು ಹಾಗೆಯೇ ಬಿಟ್ಟಿದ್ದರೆ ಮುಂದೆ ಇದಕ್ಕಿಂತ ಭಯಂಕರವಾದ ಸುಳ್ಳನ್ನು ಕೇಳಬೇಕಾಗುತ್ತಿತ್ತು. ನೀರು ತಗ್ಗಿ ಸೆನ್ಸರಿನ ತುದಿ ಬರಿಯ ಆವಿಯಲ್ಲಿ ನಿಂತಾಗ, ಲೋಹ ಕರಗುವಷ್ಟು ಕಾದಿದ್ದರೂ ಮುಳ್ಳು ತಣ್ಣಗಿದೆಯೆಂದೇ ಹೇಳಬಹುದು. ಇಲ್ಲದ ಶಾಖವನ್ನು ಹೇಳುವ ಮುಳ್ಳಿನಿಂದ ಹಣ ಹೋದೀತು. ಇರುವ ಶಾಖವನ್ನು ಮುಚ್ಚಿಡುವ ಮುಳ್ಳಿನಿಂದ ಎಂಜಿನೇ ಹೋಗುತ್ತದೆ. ಅಂಥ ಅನುಮಾನ ಬಂದಾಗ ಅವಸರದಿಂದ ಮುಚ್ಚಳಕ್ಕೆ ಕೈ ಹಾಕಲೂಬಾರದು. ಒತ್ತಡದಲ್ಲಿರುವ ಕೂಲೆಂಟು ನೂರು ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ. ಮುಚ್ಚಳ ಸಡಿಲಾದ ಕ್ಷಣವೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ಹೊಸ ಕ್ಲಿಪ್ಪು ಹಾಕಿ, ಮಟ್ಟಕ್ಕೆ ಕೂಲೆಂಟು ತುಂಬಿ, ಮೂವರೂ ಸಿಲ್ಕ್ ಬೋರ್ಡಿನ ಕಡೆಗೆ ಹೊರಟೆವು. ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತೆವು. ಫ್ಯಾನು ತಿರುಗಿತು, ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಂತಿತು.