ಸೂಜಿಯೂ ಸಂಭವನೀಯತೆಯೂ

ದಾಳವನ್ನು ಉರುಳಿಸಿದಾಗ ಐದು ಬೀಳುವ ಸಂಭವನೀಯತೆಯು ಆರರಲ್ಲಿ ಒಂದು. ಮುಖಗಳನ್ನು ಎಣಿಸಬಲ್ಲ ಬಾಲಕನೂ ಇದನ್ನು ಹೇಳಬಲ್ಲನು. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು ಜೂಜಿನ ಪ್ರಶ್ನೆಯೊಂದರ ಕುರಿತು ಪತ್ರಗಳನ್ನು ಬರೆದುಕೊಂಡು ಈ ಶಾಸ್ತ್ರಕ್ಕೆ ತಳಹದಿ ಹಾಕಿದಾಗಲೂ ಕೆಲಸವೆಲ್ಲ ಎಣಿಕೆಯದೇ ಆಗಿತ್ತು. ಹಾಗಾದರೆ ನಾವು ಕಷ್ಟಪಟ್ಟು ಕಲಿತ ಕಲನಶಾಸ್ತ್ರಕ್ಕೆ ಇಲ್ಲೇನು ಕೆಲಸವೆಂದು ನೀವು ಕೇಳಬಹುದು.

ಉತ್ತರವು ಒಂದು ಸೂಜಿಯಲ್ಲಿದೆ. ಕಾಗದದ ಮೇಲೆ ಸಮಾಂತರ ರೇಖೆಗಳನ್ನು ಎಳೆಯಿರಿ. ರೇಖೆಗಳ ನಡುವಣ ಅಂತರವು ಸೂಜಿಯ ಉದ್ದದಷ್ಟೇ ಇರಲಿ. ಸೂಜಿಯನ್ನು ಮೇಲಿನಿಂದ ಬೀಳಬಿಟ್ಟರೆ ಅದು ಯಾವುದಾದರೊಂದು ರೇಖೆಯನ್ನು ಮುಟ್ಟುವ ಸಂಭವನೀಯತೆ ಎಷ್ಟು? ಫ್ರೆಂಚ್ ವಿದ್ವಾಂಸನಾದ ಬ್ಯುಫೋನನು 1777ರಲ್ಲಿ ಪ್ರಕಟಿಸಿದ ಪ್ರಶ್ನೆಯಿದು. ಇಲ್ಲಿ ಎಣಿಕೆ ಸೋಲುತ್ತದೆ, ಏಕೆಂದರೆ ಸೂಜಿ ಬೀಳಬಹುದಾದ ಸ್ಥಿತಿಗಳು ಅನಂತ.

ಸೂಜಿಯ ಉದ್ದವನ್ನು 1 ಎಂದಿಟ್ಟುಕೊಳ್ಳೋಣ. ಅದರ ಮಧ್ಯಬಿಂದುವಿನಿಂದ ಹತ್ತಿರದ ರೇಖೆಗಿರುವ ದೂರವು 0ಯಿಂದ ½ರವರೆಗೆ ಇರಬಹುದು. ರೇಖೆಯೊಡನೆ ಅದು ಮಾಡುವ ಕೋನವು 0ಯಿಂದ ಪೈವರೆಗೆ. ಈ ಎರಡನ್ನೂ ಅಕ್ಷಗಳನ್ನಾಗಿ ಮಾಡಿ ಆಯತವೊಂದನ್ನು ಬರೆದರೆ, ಸೂಜಿಯ ಒಂದೊಂದು ಬೀಳುವಿಕೆಯೂ ಅದರೊಳಗಿನ ಒಂದು ಬಿಂದು. ಆಯತದ ವಿಸ್ತೀರ್ಣ ಪೈ/2. ದೂರವು ಕೋನದ ಸೈನಿನ ಅರ್ಧವನ್ನು ಮೀರದಿದ್ದರೆ ಸೂಜಿಯು ರೇಖೆಯನ್ನು ಮುಟ್ಟುವುದು. ಆ ವಕ್ರರೇಖೆಯ ಕೆಳಗಣ ವಿಸ್ತೀರ್ಣವನ್ನು ಅನುಕಲನದಿಂದ ಪಡೆಯಿರಿ: ಸರಿಯಾಗಿ 1. ಎರಡು ವಿಸ್ತೀರ್ಣಗಳ ನಿಷ್ಪತ್ತಿಯು 2/ಪೈ, ಎಂದರೆ ಸುಮಾರು 0.6366.

ಎಣಿಕೆಯ ಸ್ಥಾನಕ್ಕೆ ವಿಸ್ತೀರ್ಣವು ಬಂದುದನ್ನು ಗಮನಿಸಿದಿರಷ್ಟೆ? ಇದರೊಡನೆ ಹಳೆಯ ಅಭ್ಯಾಸವೊಂದನ್ನೂ ಬಿಡಬೇಕಾಗುತ್ತದೆ. ಬಿಂದುವಿಗೆ ವಿಸ್ತೀರ್ಣವಿಲ್ಲ, ಆದುದರಿಂದ ಯಾವುದೇ ಒಂದು ನಿರ್ದಿಷ್ಟ ಸ್ಥಿತಿಯ ಸಂಭವನೀಯತೆಯು ಸೊನ್ನೆ. ಆದರೂ ಸೂಜಿಯು ಯಾವುದೋ ಒಂದು ಸ್ಥಿತಿಯಲ್ಲಿ ಬಿದ್ದೇ ಬೀಳುವುದು! ಸೊನ್ನೆಯೆಂದರೆ ಅಸಾಧ್ಯವೆಂದು ದಾಳದಿಂದ ಕಲಿತ ಪಾಠವು ಇಲ್ಲಿ ನಡೆಯದು. ನನಗಂತೂ ಇದು ಒಪ್ಪಿಗೆಯಾಗಲು ಬಹಳ ದಿನ ಹಿಡಿಯಿತು.

ಸೂಜಿಯನ್ನು 100 ಸಲ ಬೀಳಬಿಟ್ಟು, ಮುಟ್ಟಿದ ಸಂಖ್ಯೆಯಿಂದ 200ನ್ನು ಭಾಗಿಸಿದರೆ ಪೈಯ ಸ್ಥೂಲಮೌಲ್ಯ ದೊರೆಯುವುದು. ಸ್ಥೂಲವೆಂಬ ಮಾತನ್ನು ಮರೆಯಬೇಡಿ. 1901ರಲ್ಲಿ ಇಟಲಿಯ ಲಾತ್ಸರೀನಿ ಎಂಬಾತನು, ಅಂತರದ ಆರರಲ್ಲಿ ಐದು ಪಾಲು ಉದ್ದದ ಸೂಜಿಯನ್ನು 3408 ಸಲ ಎಸೆದು, 1808 ಸಲ ಅದು ರೇಖೆಯನ್ನು ಮುಟ್ಟಿತೆಂದು ಹೇಳಿ, ಪೈಯನ್ನು ಆರು ದಶಾಂಶಗಳವರೆಗೆ ಸರಿಯಾಗಿ ಪಡೆದನೆಂದು ಪ್ರಕಟಿಸಿದನು. ಇನ್ನೊಂದೇ ಒಂದು ಸಲ ಮುಟ್ಟಿದ್ದರೆ ಉತ್ತರವು 3.1399ಕ್ಕೆ ಇಳಿಯುತ್ತಿತ್ತು! ಗಣಿತಜ್ಞರು ಈ ಫಲವನ್ನು ನಂಬದಿರುವುದು ಸಹಜವೇ. ನಿಮ್ಮ ಎಣಿಕೆಯಲ್ಲಿ 60 ಬಂದರೆ 60 ಎಂದೇ ಬರೆದುಕೊಳ್ಳಿ, ಪೈ 3.33 ಆಗುವುದು.