ನೀರಿನ ಬಿಸಿ ನೋಡಿ ಮೀನುಮರಿಗೆ ಮೇವು ಹಾಕಿ

ಚಳಿಗಾಲದಲ್ಲಿ ಮರಿ ಬೆಳೆಯುತ್ತಿಲ್ಲವೆಂದು ಬಿತ್ತನೆ ಕೊಟ್ಟವರನ್ನು ಬೈಯುವ ಮೊದಲು ಹೊಂಡಕ್ಕೊಂದು ಥರ್ಮಾಮೀಟರ್ ಇಳಿಸಿ ನೋಡಿ. ಮೀನಿಗೆ ನಮ್ಮ ಹಾಗೆ ಸ್ವಂತ ಮೈಬಿಸಿ ಇಲ್ಲ. ನೀರು ತಣ್ಣಗಾದರೆ ಅದರ ಮೈಯೂ ತಣ್ಣಗಾಗುತ್ತದೆ, ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವು ಇಳಿಯುತ್ತದೆ.

ಕಾಟ್ಲಾ, ರೋಹು, ಮೃಗಾಲ್ ಮರಿಗಳು ಸುಮಾರು 26ರಿಂದ 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬೆಳೆಯುತ್ತವೆ. 20ಕ್ಕಿಂತ ಕೆಳಗಿಳಿದರೆ ಮೇಯುವುದು ತೀರಾ ಕಡಿಮೆ. ಆಗಲೂ ಎಂದಿನಷ್ಟೇ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸುರಿದರೆ ಅದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ದುಡ್ಡೂ ಹೋಯಿತು, ನೀರೂ ಕೆಟ್ಟಿತು. ಚಳಿ ದಿನಗಳಲ್ಲಿ ಮುಂಜಾನೆಯ ಮೇವು ಬಿಟ್ಟು, ಬಿಸಿಲೇರಿದ ಮೇಲೆ ಸ್ವಲ್ಪವೇ ಬುಟ್ಟಿಯಲ್ಲಿಟ್ಟು ಇಳಿಸಿ. ಉಳಿದರೆ ಮರುದಿನ ಇನ್ನಷ್ಟು ಕಡಿಮೆ ಮಾಡಿ. ಬೀದರ್‌ನಂಥ ಚಳಿ ಹೆಚ್ಚಿರುವ ಕಡೆ ಸಾಮಾನ್ಯ ಗೆಂಡೆಯನ್ನೂ ಜೊತೆಗೆ ಬಿಡುವುದು ಒಳ್ಳೆಯದು, ಅದು ತಂಪನ್ನು ಹೆಚ್ಚು ತಡೆದುಕೊಳ್ಳುತ್ತದೆ.

ಬೇಸಿಗೆಯ ಅಪಾಯ ಬೇರೆ ಥರದ್ದು, ನನ್ನ ಲೆಕ್ಕದಲ್ಲಿ ಹೆಚ್ಚಿನದು. ಚಳಿಯಲ್ಲಿ ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೆ. ಸೆಕೆಯಲ್ಲಿ ಒಂದೇ ರಾತ್ರಿಗೆ ಮರಿಗಳು ಸಾಯಬಹುದು. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಮರಿಗೆ ಬೇಕಾದ ಆಮ್ಲಜನಕ ಮಾತ್ರ ಬಿಸಿ ಏರಿದಂತೆ ಹೆಚ್ಚುತ್ತದೆ. ಹೊಂಡದಲ್ಲಿ ಕನಿಷ್ಠ ಐದಡಿ ನೀರಿದ್ದರೆ ತಳ ತಂಪಾಗಿರುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ನೀರು ತಗ್ಗಲು ಬಿಡಲೇಬೇಡಿ. ಬೋರ್‌ವೆಲ್ ನೀರು ಬಿಡುವಾಗ ಮೇಲಿನಿಂದ ಚಿಮ್ಮಿಸಿ ಬೀಳಿಸಿ, ಅದರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

ಮರಿ ತಂದ ದಿನ ಬ್ಯಾಗನ್ನು ಬಿಚ್ಚಿ ನೇರ ಸುರಿಯಬೇಡಿ. 15–20 ನಿಮಿಷ ನೀರಿನ ಮೇಲೆ ತೇಲಬಿಟ್ಟು, ಹೊಂಡದ ನೀರನ್ನು ಸ್ವಲ್ಪಸ್ವಲ್ಪವೇ ಬ್ಯಾಗಿಗೆ ಸೇರಿಸಿ, ಮರಿಗಳು ತಾವಾಗಿ ಈಜಿ ಹೊರಬರಲಿ. ಇದನ್ನು ಬೆಳಿಗ್ಗೆ ಅಥವಾ ಸಂಜೆ ಮಾಡಿ, ಮಧ್ಯಾಹ್ನ ಬೇಡ.

ಒಂದಡಿ ಆಳದಲ್ಲಿ, ಒಂದೇ ಜಾಗದಲ್ಲಿ, ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಬಿಸಿ ಅಳೆದು ಬರೆದಿಡಿ. ಬೆಳಗಿನ ಜಾವ ಮರಿಗಳು ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದರೆ ಅಂದು ಮೇವು ಹಾಕಬೇಡಿ, ಕೂಡಲೇ ಹೊಸ ನೀರು ಬಿಡಿ.