ಚೇತರಿಕೆಯ ಕಾಲ, ಪ್ರೇಮದ ಕಾಲ: ತರುಣರ ಕಾದಂಬರಿಗಳನ್ನು ಕುರಿತು ಕೆಲವು ಟಿಪ್ಪಣಿಗಳು

‘ತರುಣರ ಸಾಹಿತ್ಯ’ ಎಂಬ ವರ್ಗೀಕರಣ ಕನ್ನಡ ಸಾಹಿತ್ಯಚರಿತ್ರೆಗೆ ಅಷ್ಟಾಗಿ ಪರಿಚಿತವಲ್ಲ. ಮಕ್ಕಳ ಸಾಹಿತ್ಯದ ಎಲ್ಲೆಯನ್ನು ದಾಟಿದ ಓದುಗ ನಮ್ಮಲ್ಲಿ ನೇರವಾಗಿ ದೊಡ್ಡವರ ಕಾದಂಬರಿಗೆ ಬಂದು ಸೇರುತ್ತಾನೆ. ಅಮೆರಿಕದಲ್ಲಿ ಈ ವರ್ಗವನ್ನು ರೂಪಿಸುವಲ್ಲಿ ವಿಮರ್ಶಕರಿಗಿಂತ ಗ್ರಂಥಪಾಲಕರ ಪಾಲು ದೊಡ್ಡದು. ಅಲ್ಲಿನ ಗ್ರಂಥಾಲಯ ಸಂಘವು ಹದಿಹರೆಯದ ಓದುಗರಿಗಾಗಿ ಪ್ರತ್ಯೇಕ ವಿಭಾಗವೊಂದನ್ನು ಸ್ಥಾಪಿಸಿದ್ದು 1957ರಲ್ಲಿ, ಎಸ್.ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ (1967) ಕಾದಂಬರಿಯಿಂದ ಈ ಪ್ರಕಾರದ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಈ ಪ್ರಕಾರದೊಳಗೆ ಹಿಂಸೆಯ ಸಂಬಂಧವೊಂದರಿಂದ ಹೊರಬರುವ ಹುಡುಗಿಯ ಕಥನಕ್ಕೆ ಈಗ ತನ್ನದೇ ಆದ ಒಂದು ಪರಂಪರೆಯಿದೆ. ಇಂಥ ಕಥನ ಪ್ರೇಮಕಾದಂಬರಿಯ ಆಕೃತಿಯನ್ನು ಒಪ್ಪಿಕೊಂಡಾಗ ಉಂಟಾಗುವ ಬಿಕ್ಕಟ್ಟು ಪ್ರಸ್ತುತ ಲೇಖನದ ವಿಷಯ.

ಅಮೆರಿಕದ ಪ್ರೇಮಕಾದಂಬರಿಕಾರರ ಸಂಘವು ಆ ಪ್ರಕಾರಕ್ಕೆ ಎರಡು ಲಕ್ಷಣಗಳನ್ನು ಹೇಳಿತ್ತು: ಪ್ರೇಮವೇ ಕಥೆಯ ಕೇಂದ್ರವಾಗಿರಬೇಕು, ಅಂತ್ಯವು ಭಾವತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ವಿಪ್ರಲಂಭವು ಸಂಭೋಗದಲ್ಲಿಯೇ ನಿಲ್ಲಬೇಕು. ಆದರೆ ವಿಪ್ರಲಂಭದ ಲಕ್ಷಣಗಳೆಂದು ಆಲಂಕಾರಿಕರು ಪಟ್ಟಿ ಮಾಡಿದ ನಿದ್ರಾನಾಶ, ಕೃಶತೆ, ಉನ್ಮಾದಗಳು ಪ್ರಿಯನ ಅಗಲಿಕೆಯಿಂದಲ್ಲ, ಪ್ರಿಯನ ಸಾಮೀಪ್ಯದಿಂದಲೇ ಹುಟ್ಟಿದರೆ? ಆಗ ಸಮಾಗಮವು ಫಲವಾಗುವುದಿಲ್ಲ, ರೋಗದ ಮರುಕಳಿಕೆಯಾಗುತ್ತದೆ. ಸ್ಟೆಫನಿ ಮೇಯರ್ ಅವರ ‘ನ್ಯೂ ಮೂನ್’ (2006) ಇದಕ್ಕೆ ಒಳ್ಳೆಯ ನಿದರ್ಶನ. ನಾಯಕ ಬಿಟ್ಟುಹೋದ ಮೇಲಿನ ತಿಂಗಳುಗಳನ್ನು ಲೇಖಕಿ ಬರಿಯ ತಿಂಗಳ ಹೆಸರುಗಳಿರುವ ಖಾಲಿ ಪುಟಗಳಾಗಿ ಮುದ್ರಿಸಿದ್ದಾರೆ. ದುಃಖದ ನಿರೂಪಣೆಗೆ ಅದೊಂದು ಸಮರ್ಥ ತಂತ್ರವೆಂದು ಒಪ್ಪಬೇಕು. ಆದರೆ ಅನಂತರ ಗೆಳೆಯನೊಬ್ಬನ ಒಡನಾಟದಲ್ಲಿ ನಿಧಾನವಾಗಿ ಕೂಡಿಬರುವ ಚೇತರಿಕೆಯನ್ನು ನಾಯಕನ ಮರಳುವಿಕೆ ಒಂದೇ ಏಟಿಗೆ ಅಳಿಸಿಹಾಕುತ್ತದೆ. ಅಲ್ಲಿ ಚೇತರಿಕೆಯು ಕಥೆಯ ನಡುವಿನ ಕಾಯುವಿಕೆ ಮಾತ್ರ.

ಸಾರಾ ಡೆಸೆನ್ ಅವರ ‘ಡ್ರೀಮ್‌ಲ್ಯಾಂಡ್’ (2000) ಇದಕ್ಕಿಂತ ಮೊದಲೇ ಬಂದ, ಇದಕ್ಕಿಂತ ಗಂಭೀರವಾದ ಕೃತಿ. ಕೇಟ್ಲಿನ್‌ಳ ಹದಿನಾರನೆಯ ಹುಟ್ಟುಹಬ್ಬದ ದಿನವೇ ಅವಳ ಅಕ್ಕ ಮನೆ ಬಿಟ್ಟು ಹೋಗುತ್ತಾಳೆ. ತಾಯಿಯ ಗಮನವೆಲ್ಲ ಹೋದ ಮಗಳ ಮೇಲೆ; ಅವಳ ಮುಖ ಒಂದು ಕ್ಷಣ ಕಂಡೀತೆಂದು ದೂರದರ್ಶನದ ಮುಂದೆ ಕಾಯುತ್ತಾಳೆ. ಉಳಿದ ಮಗಳು ಅದೇ ಮನೆಯಲ್ಲಿ ಕಾಣದವಳಾಗುತ್ತಾಳೆ. ರೋಜರ್‌ಸನ್ ಎಂಬ ಹುಡುಗ ಅವಳನ್ನು ‘ಕಾಣುವುದು’ ಈ ಸಂದರ್ಭದಲ್ಲಿ. ಡೆಸೆನ್ ಅವನನ್ನು ರಾಕ್ಷಸನನ್ನಾಗಿ ಚಿತ್ರಿಸುವುದಿಲ್ಲ. ತಂದೆಯಿಂದ ಅವನು ಏಟು ತಿನ್ನುವುದನ್ನು ಕೇಟ್ಲಿನ್ ಕಂಡಿದ್ದಾಳೆ. ಆ ಗುಟ್ಟನ್ನು ಬಲ್ಲವಳು ತಾನೊಬ್ಬಳೇ ಎಂಬ ಭಾವವೇ ಅವಳನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ. ಇದು ಕಾದಂಬರಿಯ ಅತ್ಯಂತ ಸೂಕ್ಷ್ಮವಾದ ಒಳನೋಟವೆಂದು ನನಗೆ ತೋರುತ್ತದೆ.

ಹೊಡೆತಗಳು ಶುರುವಾದ ಮೇಲೆ ಕಥೆಯ ಕಾಲವೇ ಬದಲಾಗುತ್ತದೆ. ಎಷ್ಟು ಹೊತ್ತಿಗೆ ಎಲ್ಲಿರಬೇಕು, ಎಷ್ಟು ನಿಮಿಷ ತಡವಾಯಿತು ಎಂಬ ಲೆಕ್ಕವೇ ಅವಳ ದಿನಚರಿಯಾಗುತ್ತದೆ. ಗಾಯಗಳನ್ನು ಮುಚ್ಚಲು ತುಂಬುತೋಳಿನ ಬಟ್ಟೆಗಳು ಬರುತ್ತವೆ. ಅಷ್ಟಾದರೂ ಮನೆಯವರಿಗೆ ತಿಳಿಯುವುದಿಲ್ಲ. ಕೊನೆಗೆ ಅದು ಬಯಲಾಗುವುದು ನೆರೆಹೊರೆಯವರ ಕಣ್ಣೆದುರಿಗೇ ಅವನು ಹೊಡೆದಾಗ. ವಿಶೇಷವೆಂದರೆ ಆಗಲೂ ಕೇಟ್ಲಿನ್‌ಳ ಮನಸ್ಸು ಅವನನ್ನು ಬಿಟ್ಟುಕೊಟ್ಟಿರುವುದಿಲ್ಲ. ಬಿಡುಗಡೆ ಹೊರಗಿನಿಂದ ಬಂದಿದೆ, ಚೇತರಿಕೆ ಇನ್ನೂ ಆರಂಭವಾಗಿಲ್ಲ. ಇವೆರಡರ ನಡುವಿನ ಅಂತರವನ್ನು ಡೆಸೆನ್ ಚಿಕಿತ್ಸಾಕೇಂದ್ರದ ಅಧ್ಯಾಯಗಳಲ್ಲಿ ಹಿಡಿಯುತ್ತಾರೆ. ಅಲ್ಲಿ ಅವಳನ್ನು ಉದ್ಧರಿಸಲು ಹೊಸ ನಾಯಕನೊಬ್ಬ ಬರುವುದಿಲ್ಲ. ಬರುವುದು ತಾಯಿ ಮತ್ತು ಅಕ್ಕ. ಹಾಗಾಗಿ ಇದು ಪ್ರೇಮಕಾದಂಬರಿಯೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ಎದುರಿಸುವ ಧೈರ್ಯವೇ ಕೃತಿಯ ಬಲ.

ಡೆಬ್ ಕ್ಯಾಲೆಟ್ಟಿ ಅವರ ‘ಸ್ಟೇ’ (2011) ಇನ್ನೂ ಕಠಿಣವಾದ ದಾರಿಯನ್ನು ಆರಿಸಿಕೊಳ್ಳುತ್ತದೆ. ಕ್ಲಾರಾಳ ಪ್ರಿಯಕರ ಕ್ರಿಶ್ಚಿಯನ್‌ನಲ್ಲಿ ಹೊಡೆತಕ್ಕಿಂತ ಅನುಮಾನ ಮುಂದು. ಅವಳು ಬರಹಗಾರನಾದ ತಂದೆಯೊಡನೆ ಸಮುದ್ರತೀರದ ಊರೊಂದರಲ್ಲಿ ತಲೆಮರೆಸಿಕೊಂಡಿರುತ್ತಾಳೆ. ಅಲ್ಲಿ ಫಿನ್ ಎಂಬ ಹುಡುಗನ ಪರಿಚಯವಾಗುತ್ತದೆ. ಇಲ್ಲಿ ಪ್ರಕಾರದ ಬೇಡಿಕೆ ಪೂರೈಕೆಯಾಗುತ್ತದೆ, ಆದರೆ ಅಪಾಯವೂ ಇದೆ: ಒಬ್ಬ ಗಂಡಸಿನಿಂದಾದ ಗಾಯಕ್ಕೆ ಇನ್ನೊಬ್ಬ ಗಂಡಸು ಔಷಧಿ ಎನ್ನುವುದು ಅವಲಂಬನೆಯನ್ನೇ ಮುಂದುವರಿಸಿದಂತಲ್ಲವೆ? ಕ್ಯಾಲೆಟ್ಟಿ ಇದಕ್ಕೆ ರಚನೆಯ ಮಟ್ಟದಲ್ಲಿ ಉತ್ತರ ಹುಡುಕುತ್ತಾರೆ. ಹಿಂದಿನ ಪ್ರೇಮ ಮತ್ತು ಈಗಿನ ಪ್ರೇಮಗಳ ಅಧ್ಯಾಯಗಳು ಹೆಣೆದುಕೊಂಡು ಬರುವುದರಿಂದ ಮೊದಲ ನೋಟ, ಮೊದಲ ಮಾತು ಎಲ್ಲವನ್ನೂ ನಾವು ಎರಡು ಬಾರಿ ಓದುತ್ತೇವೆ. ಜೊತೆಗೆ ನಿರೂಪಕಿ ತನ್ನ ಕಥೆಗೆ ತಾನೇ ಅಡಿಟಿಪ್ಪಣಿಗಳನ್ನು ಬರೆಯುತ್ತಾಳೆ. ಅಡಿಟಿಪ್ಪಣಿಯಿಲ್ಲದೆ ಒಂದು ಪುಟವನ್ನೂ ದಾಟದ ನಮ್ಮಂಥ ಸಂಶೋಧಕರಿಗೆ ಇದು ಪ್ರಿಯವಾದೀತು! ಆದರೆ ಅದು ಚಮತ್ಕಾರವಷ್ಟೇ ಅಲ್ಲ. ಒಂದು ಕಾಲದಲ್ಲಿ ತನ್ನ ಪ್ರತಿ ಮಾತಿಗೂ ಪ್ರಿಯಕರನಿಗೆ ಸಮಜಾಯಿಷಿ ಕೊಡಬೇಕಾಗಿದ್ದವಳು ಈಗ ತನ್ನ ಮಾತಿನ ಕೆಳಗೆ ತಾನೇ ವ್ಯಾಖ್ಯೆ ಬರೆಯುತ್ತಾಳೆ. ಚೇತರಿಕೆ ಫಿನ್‌ನಲ್ಲಿಲ್ಲ, ಆ ಕೆಳಗಿನ ಸಾಲುಗಳಲ್ಲಿದೆ.

ಕನ್ನಡದಲ್ಲಿ ‘ಚೇತರಿಕೆ’ ಎಂಬ ಮಾತನ್ನು ಜ್ವರಕ್ಕೆ, ಬಾಣಂತಿಗೆ, ಮಳೆ ಕಂಡ ಬೆಳೆಗೆ ಬಳಸುತ್ತೇವೆ. ಸಂಬಂಧಕ್ಕೆ ಬಳಸುವುದು ಕಡಿಮೆ. ಅಲ್ಲಿ ನಮಗೆ ಒದಗುವ ಮಾತುಗಳು ‘ಮರೆಯುವುದು’ ಅಥವಾ ‘ಹೊಂದಿಕೊಂಡು ಹೋಗುವುದು’. ನಮ್ಮ ವಿಮರ್ಶೆಯೂ ಸಂಬಂಧಗಳನ್ನು ಬಹುಕಾಲ ನೈತಿಕ–ಅನೈತಿಕ ಎಂದೇ ವಿಂಗಡಿಸಿಕೊಂಡು ಬಂದಿದೆ. ಮೇಲಿನ ಕಾದಂಬರಿಗಳ ಅಳತೆಗೋಲು ಬೇರೆ: ಈ ಸಂಬಂಧದೊಳಗೆ ಹುಡುಗಿಗೆ ಭಯವಿದೆಯೇ? ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿಯವರ ‘ಶರಪಂಜರ’ವನ್ನು ಈ ಅಳತೆಗೋಲಿನಿಂದ ಮತ್ತೆ ಓದಬೇಕು. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮರಳುತ್ತಾಳೆ. ಅವಳನ್ನು ಮತ್ತೆ ಕೆಡವುವುದು ಮನೆಯವರ ಶಂಕೆ ಮತ್ತು ಗಂಡನ ದ್ರೋಹ. ಕೇಟ್ಲಿನ್ ಮರಳಿದ ಮನೆ ಅವಳಿಗಾಗಿ ಬದಲಾಗಿತ್ತು, ಕಾವೇರಿಯದು ಬದಲಾಗಿರಲಿಲ್ಲ.

ಇಂಥ ಕಾದಂಬರಿಗಳನ್ನು ಕನ್ನಡಕ್ಕೆ ತರುವವರು ಎದುರಿಸಬೇಕಾದ ತೊಡಕೊಂದನ್ನು ಇಲ್ಲಿ ಹೇಳಬೇಕು. ಇಂಗ್ಲಿಷಿನ ಒಂದೇ ಸರ್ವನಾಮಕ್ಕೆ ನಮ್ಮಲ್ಲಿ ‘ನೀನು’, ‘ನೀವು’ ಎರಡಿವೆ. ಪ್ರೇಮಿಯನ್ನು ‘ನೀನು’ ಎಂದು ಕರೆಯುತ್ತಿದ್ದ ಹುಡುಗಿ ಮದುವೆಯಾದೊಡನೆ ‘ನೀವು’ ಎನ್ನುವುದು ನಮ್ಮ ಜನಪ್ರಿಯ ಕಾದಂಬರಿಗಳಲ್ಲಿ ಸಾಮಾನ್ಯ. ಅದನ್ನು ನಾವು ಗೌರವವೆಂದು ಓದಿದ್ದೇವೆ. ಹೊಡೆತ ಶುರುವಾದ ಮೇಲೆ ಕೇಟ್ಲಿನ್ ಕನ್ನಡದಲ್ಲಿ ರೋಜರ್‌ಸನ್‌ನನ್ನು ಏನೆಂದು ಕರೆಯಬೇಕು?